ಎರಡನೇ ಪ್ರನಾಳದ ಪಾಠ

ಗಡಿಭಾಗದ ನಮ್ಮ ಕನ್ನಡ ಶಾಲೆಗಳ ಬಗ್ಗೆ ಪಾಲಕರು ಪದೇ ಪದೇ ಹೇಳುವ ಮಾತೊಂದಿದೆ. "ಕತಿ, ಪದ್ಯ ಕನ್ನಡದಾಗ ಇರ್ಲಿ ಬಿಡ್ರಿ ಗುರುಗಳೇ, ವಿಜ್ಞಾನ ಮಾತ್ರ ಇಂಗ್ಲಿಷಿನ್ಯಾಗ ಆಗಬೇಕು." ಜತ್ತ, ಅಕ್ಕಲಕೋಟ ಕಡೆಯ ಶಿಕ್ಷಕರಾದ ನಾವು ಇದಕ್ಕೆ ಭಾಷಾಭಿಮಾನದ ಭಾಷಣ ಮಾಡಿ ಪ್ರಯೋಜನವಿಲ್ಲ. ಉತ್ತರವನ್ನು ತರಗತಿಯಲ್ಲೇ ಕೊಡಬೇಕು. ನಮ್ಮ ಅಭಿಪ್ರಾಯದಲ್ಲಿ ತೊಂದರೆ ಇರುವುದು ವ್ಯಾಖ್ಯೆ ಬಾಯಿಪಾಠ ಮಾಡಿಸುವ ಪದ್ಧತಿಯಲ್ಲಿ. ಒಂದು ಸಂಗತಿಯನ್ನು ಅಳೆದದ್ದು ಹೇಗೆ ಎಂದು ಹೇಳಿದರೆ ಮಕ್ಕಳಿಗೆ ಯಾವ ಭಾಷೆಯಲ್ಲೂ ವಿಜ್ಞಾನ ಹತ್ತುತ್ತದೆ.

ಹಾರ್ಮೋನಿನ ಪಾಠವನ್ನೇ ನೋಡಿ. ಹಾರ್ಮೋನು ರಕ್ತದಲ್ಲಿ ಸೇರಿ ಮೈತುಂಬ ಹರಿಯುತ್ತದೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಹಾಗಾದರೆ ಅಂಡಾಶಯದ ಈಸ್ಟ್ರೋಜನ್ ಗರ್ಭಕೋಶವನ್ನು ಬೆಳೆಸಿದಂತೆ ತೊಡೆಯ ಮಾಂಸವನ್ನು ಏಕೆ ಬೆಳೆಸುವುದಿಲ್ಲ? ಮನೆಯಲ್ಲಿ ಆಕಳು ಕಟ್ಟಿದ ಮಗು ಕೇಳಬೇಕಾದ ಪ್ರಶ್ನೆ ಇದು.

ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ಹರ್ಬರ್ಟ್ ಜೇಕಬ್‌ಸನ್ ಜೊತೆಗೂಡಿ ಇದರ ಬೆನ್ನು ಹತ್ತಿದರು. ಈಸ್ಟ್ರಡೈಯೋಲ್ ಎಂಬ ಈಸ್ಟ್ರೋಜನ್ನಿಗೆ ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್ ಸೇರಿಸಿದರು. ಹಿಂಡಿನಲ್ಲಿ ನಮ್ಮ ಕುರಿ ಗುರುತು ಸಿಗಲಿ ಎಂದು ಬಣ್ಣ ಹಚ್ಚುತ್ತೇವಲ್ಲ, ಹಾಗೆ! ಅದನ್ನು ಇನ್ನೂ ಬಲಿಯದ ಹೆಣ್ಣಿಲಿಗಳಿಗೆ ಕೊಟ್ಟರು. ರಕ್ತ, ಸ್ನಾಯುಗಳಿಂದ ಅದು ಬೇಗ ಇಳಿದುಹೋಯಿತು. ಗರ್ಭಕೋಶದಲ್ಲಿ ಮಾತ್ರ ಸ್ವರೂಪ ಬದಲಾಗದೆ ತಾಸುಗಟ್ಟಲೆ ಉಳಿಯಿತು. ಅಂದರೆ ಅಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವುದು ಏನೋ ಇದೆ. ಅದೇ ಗ್ರಾಹಕ ಎಂಬ ಪ್ರೋಟೀನು. 1966ರಲ್ಲಿ ಡೇವಿಡ್ ಟಾಫ್ಟ್ ಮತ್ತು ಜಾಕ್ ಗೋರ್ಸ್ಕಿ ಇಲಿಯ ಗರ್ಭಕೋಶದಿಂದ ಅದನ್ನು ಬೇರೆ ಮಾಡಿ ತೋರಿಸಿದರು.

ಇನ್ನು ಅಳೆಯುವ ಬಗೆ. ಅಂಗಾಂಶವನ್ನು ಮಂಜುಗಡ್ಡೆಯ ತಂಪಿನಲ್ಲಿ ಅರೆದು ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಗಸಿ ಕೆಳಗೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ತಿಳಿಯಲ್ಲಿ ಗ್ರಾಹಕಗಳಿರುತ್ತವೆ. ಅದಕ್ಕೆ ಗುರುತಿನ ಹಾರ್ಮೋನು ಬೆರೆಸಿ ಕೆಲವು ತಾಸು ತಂಪಿನಲ್ಲಿಡುತ್ತಾರೆ. ಆಮೇಲೆ ಡೆಕ್ಸ್ಟ್ರಾನ್ ಲೇಪಿಸಿದ ಇದ್ದಲಿ ಪುಡಿ ಹಾಕುತ್ತಾರೆ. ಇದ್ದಲಿಯು ಬಿಡಿಯಾಗಿ ಉಳಿದ ಹಾರ್ಮೋನನ್ನು ಹೀರುತ್ತದೆ, ಪ್ರೋಟೀನಿಗೆ ಅಂಟಿದ್ದನ್ನು ಬಿಡುತ್ತದೆ. ಮತ್ತೆ ತಿರುಗಿಸಿ, ಇದ್ದಲಿ ತಳಕ್ಕೆ ಕುಳಿತ ಮೇಲೆ, ತಿಳಿಯಲ್ಲಿರುವ ವಿಕಿರಣವನ್ನು ಎಣಿಸುತ್ತಾರೆ.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಹಾರ್ಮೋನು ಬೇರೆ ಪ್ರೋಟೀನುಗಳಿಗೂ ಅಷ್ಟಿಷ್ಟು ಅಂಟುತ್ತದೆ. ಅದಕ್ಕಾಗಿಯೇ ಎರಡನೇ ಪ್ರನಾಳ. ಅದರಲ್ಲಿ ಗುರುತಿನ ಹಾರ್ಮೋನಿನ ಜೊತೆ ಗುರುತಿಲ್ಲದ್ದನ್ನು ನೂರು ಪಟ್ಟು ಹಾಕುತ್ತಾರೆ. ಗ್ರಾಹಕಗಳು ಇರುವುದೇ ಕೆಲವು, ಹೆಚ್ಚುಕಡಿಮೆ ಎಲ್ಲವನ್ನೂ ಗುರುತಿಲ್ಲದವೇ ತುಂಬಿಬಿಡುತ್ತವೆ. ಆದರೂ ಎಣಿಕೆಗೆ ಸಿಕ್ಕಿದ್ದು ಬೇರೆ ಕಡೆ ಅಂಟಿದ್ದು. ಮೊದಲನೆಯದರಲ್ಲಿ 1000, ಎರಡನೆಯದರಲ್ಲಿ 300 ಎಣಿಕೆ ಬಂತು ಎಂದುಕೊಳ್ಳಿ. ಗ್ರಾಹಕದ್ದು 700. ಇಯತ್ತೆ ನಾಲ್ಕನೆಯ ಹುಡುಗರ ಕಳೆಯುವ ಲೆಕ್ಕ!

ಹೀಗೆ ಅಳೆದಾಗ ಗ್ರಾಹಕಗಳ ಸಂಖ್ಯೆ ದಿನದಿಂದ ದಿನಕ್ಕೆ ಬದಲಾಗುವುದು ಕಂಡುಬಂತು. ಗರ್ಭಕೋಶದಲ್ಲಿ ಈಸ್ಟ್ರೋಜನ್ನು ಪ್ರೊಜೆಸ್ಟರಾನಿನ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಪ್ರೊಜೆಸ್ಟರಾನ್ ಈಸ್ಟ್ರೋಜನ್ನಿನ ಗ್ರಾಹಕಗಳನ್ನು ಇಳಿಸುತ್ತದೆ. ಆದ್ದರಿಂದ ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂಬುದು ಅರ್ಧ ಕಥೆ ಮಾತ್ರ. ಆಕಳ ಬೆದೆಯ ಚಕ್ರ ಸುಮಾರು 21 ದಿನ. ಅದೇ ಹಾರ್ಮೋನು ಎಲ್ಲ ದಿನವೂ ಒಂದೇ ಕೆಲಸ ಮಾಡುವುದಿಲ್ಲ. "ಒಂದು ಸೂಜಿ ಹಾಕ್ರಿ ಡಾಕ್ಟ್ರ, ಬೆದಿಗಿ ಬರ್ಲಿ" ಎನ್ನುವ ಮನೆಯ ಮಕ್ಕಳಿಗೆ ಇದು ತಿಳಿದಿರಬೇಡವೇ?

ಇಲಿಯ ಗರ್ಭಕೋಶದಲ್ಲಿ ಶುರುವಾದ ಕೆಲಸ ಮನುಷ್ಯರ ಪ್ರಾಣಕ್ಕೂ ಬಂತು. ಜೆನ್ಸನ್ ಸ್ತನ ಕ್ಯಾನ್ಸರಿನ ಗಡ್ಡೆಗಳಲ್ಲೂ ಗ್ರಾಹಕ ಅಳೆದರು. ಗ್ರಾಹಕ ಇದ್ದರೆ ಹಾರ್ಮೋನನ್ನು ತಡೆಯುವ ಚಿಕಿತ್ಸೆ ಫಲಿಸುವ ಸಾಧ್ಯತೆ ಇದೆ, ಇಲ್ಲದಿದ್ದರೆ ಬೇರೆ ದಾರಿ ನೋಡಬೇಕು. 2004ರಲ್ಲಿ ಅವರಿಗೆ ಪಿಯರ್ ಶಾಂಬೋ, ರೊನಾಲ್ಡ್ ಎವನ್ಸ್ ಜೊತೆ ಲಾಸ್ಕರ್ ಪ್ರಶಸ್ತಿ ಬಂತು. ಈಗ ಆಸ್ಪತ್ರೆಗಳಲ್ಲಿ ಗಡ್ಡೆಯ ತೆಳುವಾದ ಚೂರಿಗೆ ಪ್ರತಿಕಾಯ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಿಪೋರ್ಟಿನಲ್ಲಿ "ಇ.ಆರ್. ಪಾಸಿಟಿವ್" ಎಂದಿದ್ದರೆ ಅದು ಈಸ್ಟ್ರೋಜನ್ನಿನ ಇದೇ ಗ್ರಾಹಕ. ಹಳ್ಳಿಯಲ್ಲಿ ಅಂಥ ಕಾಗದ ಹಿಡಿದು ಬರುವುದು ಶಾಲೆಯ ಗುರುಗಳ ಹತ್ತಿರವೇ ಅಲ್ಲವೇ?

ಟಿ.ಸಿ.ಎಚ್., ಬಿ.ಎ. ಓದಿದ ನಮ್ಮಂಥವರೂ ಇಷ್ಟನ್ನು ಹೇಳಬಹುದು. ತಿಳಿ, ಗಸಿ, ಇದ್ದಲಿ, ಗುರುತು, ಕಳೆಯುವುದು... ಕನ್ನಡದಲ್ಲಿ ಯಾವ ಮಾತಿನ ಕೊರತೆ ಇದೆ? ವಿಜ್ಞಾನದ ಪ್ರತಿ ಪಾಠಕ್ಕೂ ಎರಡು ಪ್ರಶ್ನೆ ಸೇರಿಸೋಣ. ಇದು ಗೊತ್ತಾದದ್ದು ಹೇಗೆ? ಇದರ ಎರಡನೇ ಪ್ರನಾಳ ಯಾವುದು? "ಈ ಔಷಧಿ ಕುಡಿದೆ, ಜ್ವರ ಹೋಯಿತು" ಎಂದು ಯಾರಾದರೂ ಹೇಳಿದಾಗ, "ಕುಡಿಯದವರ ಜ್ವರ ಎಷ್ಟು ದಿನಕ್ಕೆ ಹೋಯಿತು?" ಎಂದು ಕೇಳುವ ಮಗು ವಿಜ್ಞಾನ ಕಲಿತಿದೆ. ಆ ಪ್ರಶ್ನೆಯನ್ನು ಅದು ಕನ್ನಡದಲ್ಲೇ ಕೇಳಲಿ.