ಬಂದವರು ಮತ್ತು ಬರಮಾಡಿಕೊಂಡವರು

ಹುಟ್ಟಿದ ಊರನ್ನು ಬಿಟ್ಟು ಅರಿಯದ ಊರಿನಲ್ಲಿ ಬಾಳುವೆ ಹೂಡುವುದು ಮನುಷ್ಯನಿಗೆ ಒದಗುವ ಕಠಿಣ ಪರೀಕ್ಷೆಗಳಲ್ಲಿ ಒಂದು. ನೀರು ಬೇರೆ, ಊಟ ಬೇರೆ, ಮಾತು ಬೇರೆ. ನಿನ್ನೆಯವರೆಗೆ ನಾಲ್ಕು ಜನರ ಮಾತಿಗೆ ಸಲ್ಲುತ್ತಿದ್ದವನು ಇಂದು ಉಪ್ಪು ಎಲ್ಲಿ ಸಿಗುತ್ತದೆ ಎಂದು ಕೇಳಲೂ ತಡವರಿಸಬೇಕು. ಇಂಥ ಗಳಿಗೆಯಲ್ಲಿ ಅವನ ಬದುಕು ನಿಲ್ಲುವುದು ಅವನ ವಿದ್ಯೆಯ ಮೇಲಲ್ಲ, ಆ ಊರಿನವರ ಮನಸ್ಸಿನ ಮೇಲೆ. ಆದರೆ ಚರಿತ್ರೆಯ ಪುಟಗಳಲ್ಲಿ ಬಂದವರ ಹೆಸರು ಉಳಿಯುತ್ತದೆ. ಬರಮಾಡಿಕೊಂಡವರ ಹೆಸರು ಬಹಳ ಮಟ್ಟಿಗೆ ಅಳಿಸಿ ಹೋಗುತ್ತದೆ. ಈ ತಿಂಗಳು ನಾವು ಆ ಎರಡನೆಯವರನ್ನು ನೆನೆಯಬೇಕೆಂದಿದ್ದೇವೆ.

ಕನ್ನಡನಾಡಿಗೆ ಬಾಸೆಲ್ ಮಿಶನ್ನಿನ ಪಾದ್ರಿಗಳು ಬಂದ ಸಂಗತಿ ಓದುಗರಿಗೆ ತಿಳಿದದ್ದೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ತರುವಾಯ, 1836ರಲ್ಲಿ, ಹರ್ಮನ್ ಮೋಗ್ಲಿಂಗ್ ಬಂದರು. 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿಯೂ ಅವರ ಠಾಣ್ಯಗಳು ನೆಲೆಗೊಂಡವು. ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ; ಅದು ತೆರೆದದ್ದು 1869ರಲ್ಲಿ. ಆಫ್ರಿಕಾ ಖಂಡದ ದಕ್ಷಿಣದ ತುದಿಯನ್ನು ಸುತ್ತಿ ಬರುವ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಬೇಕಾಗಿತ್ತು. ಮನೆಗೆ ಬರೆದ ಪತ್ರಕ್ಕೆ ಮರುತ್ತರ ಬರುವಷ್ಟರಲ್ಲಿ ಋತುಗಳು ತಿರುಗುತ್ತಿದ್ದವು. ಹಿಮದ ನಾಡಿನಿಂದ ಬಂದ ಆ ದೇಹಗಳು ಇಲ್ಲಿಯ ಬಿಸಿಲು, ಜ್ವರ, ಆಮಶಂಕೆಗಳಿಗೆ ಬೇಗ ಬಲಿಯಾಗುತ್ತಿದ್ದವು. ಮೋಗ್ಲಿಂಗರ ಆಪ್ತ ಸಹೋದ್ಯೋಗಿ ವೈಗ್ಲೆ 1855ರಲ್ಲಿ ತೀರಿಕೊಂಡರು. ಮರಳಿ ತಾಯ್ನಾಡನ್ನು ಕಾಣುವೆನೆಂಬ ಭರವಸೆಯಿಲ್ಲದೆ ಬಂದವರೇ ಅವರಲ್ಲಿ ಹೆಚ್ಚು.

ಅವರು ಬಂದ ಉದ್ದೇಶವನ್ನು ನಾವು ಮರೆಮಾಚಬೇಕಾದುದಿಲ್ಲ. ತಮ್ಮ ಧರ್ಮವನ್ನು ಬೋಧಿಸಿ, ಜನರನ್ನು ಅದಕ್ಕೆ ಸೇರಿಸಿಕೊಳ್ಳಲು ಅವರು ಬಂದರು. ಸಂತೆಯಲ್ಲಿ, ಜಾತ್ರೆಯಲ್ಲಿ, ಗುಡಿಯ ಮುಂದೆ ನಿಂತು, ಕೂಡಿದವರ ನಂಬಿಕೆಯನ್ನೇ ಪ್ರಶ್ನಿಸಿದರು. ಇದರಿಂದ ನೋವು ಉಂಟಾಗಲಿಲ್ಲವೆಂದಲ್ಲ. 1844ರಲ್ಲಿ ಮಂಗಳೂರಿನ ಮೂವರು ಸಾರಸ್ವತ ತರುಣರು ಕ್ರೈಸ್ತರಾದಾಗ ಊರು ಊರೇ ಕಲಕಿಹೋಯಿತು. ಅವರಲ್ಲಿ ಒಬ್ಬರಾದ ಆನಂದರಾಯ ಕೌಂಡಿನ್ಯರ ಮನೆಯವರ ದುಃಖವನ್ನು ಹೆತ್ತವರಾದ ನಾವೆಲ್ಲ ಊಹಿಸಬಲ್ಲೆವು. ಹಾಗಿದ್ದರೂ ಜನರ ಮನೆಯ ಕದಗಳು ಈ ಪರದೇಶಿಗಳಿಗೆ ಪೂರ್ತಿಯಾಗಿ ಮುಚ್ಚಲಿಲ್ಲ. ಅವರ ಉಪದೇಶವನ್ನು ಒಪ್ಪಿದವರು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕೆಲವರೇ. ಆದರೆ ಅವರೊಡನೆ ಮಾತನಾಡಿದವರು, ಅವರಿಗೆ ಮಾತು ಕಲಿಸಿದವರು ಬಹಳ ಮಂದಿ. ಉಪದೇಶ ಬೇಡ, ಆದರೆ ಉಪದೇಶಿಸುವವನು ಹಸಿದಿರಬಾರದು ಎಂಬ ವಿವೇಕ ನಮ್ಮ ಹಿರಿಯರಲ್ಲಿತ್ತು.

ಇದಕ್ಕೆ ಆಧಾರವೇನೆಂದು ಕೇಳಬಹುದು. ಆಧಾರ ಆ ಪಾದ್ರಿಗಳೇ ಬಿಟ್ಟುಹೋದ ಪುಸ್ತಕಗಳಲ್ಲಿದೆ. 1843ರ ಜುಲೈ 1ರಂದು ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಇಂದಿಗೂ ಆ ದಿನವನ್ನು ನಮ್ಮ ಪತ್ರಕರ್ತರು ಆಚರಿಸುತ್ತಾರೆ. ಏಳು ವರ್ಷಗಳ ಹಿಂದೆ ಕನ್ನಡದ ಒಂದಕ್ಷರವೂ ಬಾರದಿದ್ದವರು ಕನ್ನಡಿಗರಿಗೇ ಸುದ್ದಿ ಹೇಳುವಷ್ಟು ಕನ್ನಡ ಕಲಿತದ್ದು ಹೇಗೆ? ಕಲಿಸಿದವರಿದ್ದರು. ತಪ್ಪಿದ ಉಚ್ಚಾರಕ್ಕೆ ನಗದೆ, ನಕ್ಕರೂ ಮತ್ತೊಮ್ಮೆ ಹೇಳಿಕೊಟ್ಟ ಶಾಸ್ತ್ರಿಗಳು, ಶಾಲೆಯ ಮಾಸ್ತರರು, ಅಂಗಡಿಕಾರರು, ಆಳುಕಾಳುಗಳು ಇದ್ದರು.

ಮುಂದೆ 1848ರಿಂದ 1853ರವರೆಗಿನ ಅವಧಿಯಲ್ಲಿ ಮೋಗ್ಲಿಂಗರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಅದಕ್ಕೆ ಧನ ಒದಗಿಸಿದರು. 'ಜೈಮಿನಿ ಭಾರತ', ದಾಸರ ಪದಗಳು, ಭೀಮಕವಿಯ 'ಬಸವಪುರಾಣ', ವಿರೂಪಾಕ್ಷ ಪಂಡಿತನ 'ಚನ್ನಬಸವಪುರಾಣ' ಅದರಲ್ಲಿ ಬೆಳಕು ಕಂಡವು. 1369ರಲ್ಲಿ ರಚಿತವಾದ 'ಬಸವಪುರಾಣ' ತಾಳೆಗರಿಯಿಂದ ಅಚ್ಚಿನ ಕಾಗದಕ್ಕೆ ಇಳಿದದ್ದು ಒಬ್ಬ ಜರ್ಮನ್ ಪಾದ್ರಿಯ ಶ್ರಮದಿಂದ ಎಂಬುದು ನಮ್ಮ ಸಮಾಜದವರು ಮರೆಯಬಾರದ ಮಾತು. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಅಂದು ಅಂಥ ಗ್ರಂಥಗಳು ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಮಠಗಳ ಗೂಡಿನಲ್ಲಿ, ಮನೆಗಳ ಜಗಲಿಯ ಮೇಲೆ, ಕೆಂಪು ವಸ್ತ್ರದಲ್ಲಿ ಸುತ್ತಿ, ಪೂಜೆಯ ವಸ್ತುವಿನಂತೆ ಇರಿಸಿದ ಕಟ್ಟುಗಳವು. ಕಟ್ಟು ಬಿಚ್ಚಿ ಪ್ರತಿ ಮಾಡಿಕೊಳ್ಳಲು ಕೊಟ್ಟವರೂ, ಓದಿ ಅರ್ಥ ಹೇಳಿದವರೂ ಇಲ್ಲದೆ ಆ ಮಾಲೆ ಕಟ್ಟಲು ಆಗುತ್ತಿರಲಿಲ್ಲ. ತಮ್ಮ ಧರ್ಮವನ್ನು ಅಲ್ಲಗಳೆಯಲು ಬಂದವನ ಕೈಗೆ ತಮ್ಮ ಧರ್ಮಗ್ರಂಥವನ್ನೇ ನೀಡಿದ ಆ ಧೈರ್ಯವೆಂಥದು! ತನ್ನದರಲ್ಲಿ ಗಟ್ಟಿಯಾದ ನಂಬಿಕೆಯಿದ್ದವನು ಮಾತ್ರ ಹಾಗೆ ಕೊಡಬಲ್ಲ.

ಇನ್ನು ಕಿಟೆಲ್ಲರ ಮಾತು. ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲತಡಿಯ ಸೀಮೆಯಲ್ಲಿ. 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಅವರು ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಊರಿಂದೂರಿಗೆ ಬಿಡಾರ ಬದಲಿಸುತ್ತ ಬಾಳಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳ ಆ ಮಹಾಗ್ರಂಥದಲ್ಲಿ 'ಬಸವಪುರಾಣ'ದ ಪ್ರಯೋಗಗಳೂ ಉಂಟು, ಹಳ್ಳಿಯ ಗಾದೆಗಳೂ ಉಂಟು. ಒರಳು, ಕಡೆಗೋಲು, ನೊಗ, ಕೂರಿಗೆ ಇವೆಲ್ಲವೂ ಅಲ್ಲಿವೆ. ಕಾವ್ಯದ ಶಬ್ದಗಳನ್ನು ಓಲೆಗರಿಯಿಂದ ಎತ್ತಿಕೊಳ್ಳಬಹುದು. ಆದರೆ ಒಕ್ಕಲಿಗನ ಹೊಲದ ಮಾತು, ಹೆಣ್ಣುಮಕ್ಕಳ ಅಡಿಗೆಮನೆಯ ಮಾತು ಜನರ ಬಾಯಿಂದಲೇ ಬರಬೇಕು. ಕೆಲಸ ನಿಲ್ಲಿಸಿ, ಬೆವರು ಒರೆಸಿಕೊಂಡು, "ಇದಕ್ಕ ಹಿಂಗಂತೀವ್ರಿ" ಎಂದು ಹೇಳಿಕೊಟ್ಟ ಕೈಗಳೆಷ್ಟೋ! ನಿಘಂಟಿನ ಮೇಲೆ ಕಿಟೆಲ್ಲರ ಹೆಸರಿದೆ, ಅದು ನ್ಯಾಯವೇ. ಆದರೆ ಆ ಪುಟಗಳ ಒಳಗೆ ಹೆಸರಿಲ್ಲದ ಸಾವಿರ ಜನರ ಔದಾರ್ಯ ಅಡಗಿದೆ.

ಹೀಗೆ ಕೊಟ್ಟದ್ದು ಬಂದವನನ್ನೂ ಬದಲಿಸಿತು. ಕಿಟೆಲ್ಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ನಮ್ಮ ಕಾವ್ಯದ ಧಾಟಿಯಲ್ಲಿಯೇ ಬರೆದರು. ಕಲಿಸಲು ಬಂದವರು ಕಲಿಯುವವರಾದರು. 1892ರಲ್ಲಿ ಅವರು ಜರ್ಮನಿಗೆ ಮರಳಿದರೂ ಕನ್ನಡದ ಕೆಲಸವನ್ನು ಕೈಬಿಡಲಿಲ್ಲ. 1903ರಲ್ಲಿ ಟ್ಯೂಬಿಂಗನ್ ನಗರದಲ್ಲಿ ಅವರ ಉಸಿರು ನಿಂತ ವರ್ಷವೇ ಅವರ ಕನ್ನಡ ವ್ಯಾಕರಣವೂ ಹೊರಬಂದಿತು.

ಬರಮಾಡಿಕೊಳ್ಳುವುದಕ್ಕೆ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಹೇಳಬೇಕು. 1852ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ ಕೊಡಗಿನ ಅಲಮಂಡ ಸೋಮಯ್ಯ ಎಂಬವರು ಅವರನ್ನು ಹುಡುಕಿಕೊಂಡು ಬಂದರು. ಮೋಗ್ಲಿಂಗರು ಪ್ರಯಾಣವನ್ನು ಕೈಬಿಟ್ಟು, ಮರುವರ್ಷ ಅವರೊಡನೆ ಕೊಡಗಿಗೆ ನಡೆದರು. ಕ್ರೈಸ್ತಮತಕ್ಕೆ ಸೇರಿದ ಸೋಮಯ್ಯನವರನ್ನು ಸ್ವಜನರೇ ವಿರೋಧಿಸಿದರು. ಅಂಥ ಬಿರುಗಾಳಿಯಲ್ಲಿಯೂ ಆ ಕುಟುಂಬ ಪರದೇಶಿಗೆ ಆಸರೆಯಾಗಿ ನಿಂತಿತು. ಅವರ ಮತಾಂತರವನ್ನು ನಾವು ಒಪ್ಪಲಿ, ಬಿಡಲಿ. ಮನೆಗೆ ಕರೆತಂದ ಅತಿಥಿಯನ್ನು ಕಷ್ಟಕಾಲದಲ್ಲಿ ಕೈಬಿಡದ ನಿಷ್ಠೆಗೆ ತಲೆಬಾಗಲೇಬೇಕು. 1855ರಲ್ಲಿ ಮೋಗ್ಲಿಂಗರು ಕೊಡಗಿನ ನಾಡು ಮತ್ತು ಜನರನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು. ಪತ್ನಿಯ ಅನಾರೋಗ್ಯದಿಂದ 1860ರಲ್ಲಿ ಹಿಂದಿರುಗಬೇಕಾಗಿ ಬಂದು, ಮತ್ತೆ ಈ ನಾಡನ್ನು ಕಾಣದೆ 1881ರಲ್ಲಿ ತೀರಿಕೊಂಡರು.

ಓದುಗ ಬಂಧುಗಳೆ, ಇದೆಲ್ಲ ನಮಗೇಕೆ ಎನ್ನಬೇಡಿರಿ. ಪರದೇಶಿಯನ್ನು ತನ್ನವನೆಂದು ಭಾವಿಸುವುದು ನಮ್ಮ ಪರಂಪರೆಗೆ ಹೊಸದಲ್ಲ. ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನವರನ್ನೂ, ಕಾಶ್ಮೀರದ ಅರಸೊತ್ತಿಗೆ ತೊರೆದು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ದಾಸೋಹ ನಡೆಸಿದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರನ್ನೂ ನಾವು ಶರಣರೆಂದು ಕೈಮುಗಿಯುತ್ತೇವೆ. ಅವರನ್ನು ಒಳಗೆ ಕರೆದವರು 'ನೀವು ಯಾವ ಸೀಮೆಯವರು' ಎಂದು ಬಾಗಿಲಲ್ಲೇ ನಿಲ್ಲಿಸಿದ್ದರೆ ಆ ಹೆಸರುಗಳು ನಮಗೆ ಉಳಿಯುತ್ತಿರಲಿಲ್ಲ.

ಇಂದು ನಮ್ಮ ಓಣಿಗಳಲ್ಲಿ ಏನು ನಡೆದಿದೆ? ಬ್ಯಾಂಕಿನ ನೌಕರಿಗೆ ವರ್ಗವಾಗಿ ಬಂದ ಕುಟುಂಬವುಂಟು. ಕಟ್ಟಡದ ಕೆಲಸಕ್ಕೆ ಒಡಿಶಾ, ಬಿಹಾರಗಳಿಂದ ಬಂದವರುಂಟು. ಕಾಲೇಜಿಗೆಂದು ಬಂದು ಕೋಣೆ ಹುಡುಕುವ ಮಕ್ಕಳುಂಟು. ಬಾಡಿಗೆಗೆ ಮನೆ ಕೇಳಿದಾಗ ಅವರಿಗೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಜಾತಿ ಯಾವುದೆಂದು. ನಮ್ಮವರೇ ಎಂದು ತಿಳಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಯಾವ ಪೈಕಿ ಎಂದು ಮತ್ತೆ ಕೆದಕುತ್ತೇವೆ. ತಮ್ಮ ನಂಬಿಕೆಯನ್ನೇ ಪ್ರಶ್ನಿಸಲು ಬಂದವನಿಗೆ ಮಾತು ಕಲಿಸಿದ ಹಿರಿಯರ ಮೊಮ್ಮಕ್ಕಳು ನಾವು, ಹೊಟ್ಟೆಪಾಡಿಗೆ ಬಂದವನಿಗೆ ನಾಲ್ಕು ಗೋಡೆ ಕೊಡಲು ಹಿಂಜರಿಯುತ್ತಿದ್ದೇವೆ. ಮನೆಯ ಮೇಲೆ ಬಸವಣ್ಣನವರ ಹೆಸರು ಬರೆಸಿ, ಬಾಗಿಲಲ್ಲಿ ಹೀಗೆ ಕೇಳುವುದು ಯಾವ ನ್ಯಾಯ?

ಅತ್ತ ನಮ್ಮ ಮಕ್ಕಳೇ ಪುಣೆ, ಬೆಂಗಳೂರುಗಳಿಗೆ, ಜರ್ಮನಿ, ಅಮೆರಿಕಗಳಿಗೆ ಹೋಗಿ ನೆಲೆಸಿದ್ದಾರೆ. ಅಲ್ಲಿ ನೆರೆಮನೆಯ ಮುದುಕಿ ನಮ್ಮ ಮಗಳಿಗೆ ಚಳಿಯ ಬಟ್ಟೆ ಎಲ್ಲಿ ಕೊಳ್ಳಬೇಕೆಂದು ಹೇಳಿಕೊಟ್ಟಳೆಂದು ಕೇಳಿದರೆ ತಾಯಂದಿರ ಕಣ್ಣು ತೇವವಾಗುತ್ತದೆ. ಆ ಕಣ್ಣೀರು ನಿಜವಾದರೆ, ಅದೇ ಕೆಲಸವನ್ನು ನಾವು ಇಲ್ಲಿ ಮತ್ತೊಬ್ಬ ತಾಯಿಯ ಮಗಳಿಗೆ ಮಾಡಬೇಕು.

ಅದಕ್ಕೆ ದೊಡ್ಡ ಸಂಪತ್ತು ಬೇಕಿಲ್ಲ. ನಳದಲ್ಲಿ ನೀರು ಬರುವ ಹೊತ್ತು ತಿಳಿಸಬಹುದು. ನಂಬಿಗಸ್ತ ವೈದ್ಯರ ಮನೆ ತೋರಿಸಬಹುದು. ಮೊದಲ ದಿನ ಒಲೆ ಹೊತ್ತಿಸುವ ಮೊದಲೇ ನಾಲ್ಕು ರೊಟ್ಟಿ, ಒಂದಿಷ್ಟು ಪಲ್ಯ, ತಂಬಿಗೆ ಮಜ್ಜಿಗೆ ಕಳಿಸಬಹುದು. ಅವರ ಮಕ್ಕಳು ತಪ್ಪು ಕನ್ನಡ ಆಡಿದರೆ ಹಂಗಿಸದೆ ಸರಿಯಾದ ಮಾತು ಹೇಳಿಕೊಡಬಹುದು. ಕನ್ನಡ ಬಾರದವರನ್ನು ಗದರಿಸುವುದಕ್ಕಿಂತ ಕನ್ನಡ ಕಲಿಸುವುದು ಕನ್ನಡಕ್ಕೆ ಹೆಚ್ಚು ಹಿತವೆಂಬುದನ್ನು ಆ ನಿಘಂಟು ಸಾರುತ್ತಿದೆ. ಮನೆಯ ಹಿರಿಯರು ಹೀಗೆ ನಡೆದರೆ ಮಕ್ಕಳಿಗೆ ಬೇರೆ ನೀತಿಪಾಠ ಬೇಕಾಗದು, ನೋಡಿಯೇ ಕಲಿಯುತ್ತಾರೆ.

ಮುಂದಿನ ಸಲ ನಿಮ್ಮ ಓಣಿಯಲ್ಲಿ ಸಾಮಾನು ತುಂಬಿದ ಲಾರಿ ಬಂದು ನಿಂತಾಗ ಕಿಟಕಿಯ ಸಂದಿಯಿಂದ ನೋಡಬೇಡಿರಿ. ಹೊರಗೆ ಬಂದು, ಕುಡಿಯಲು ನೀರು ಕೊಡಿರಿ. ಅವರ ಹೆಸರು ಕೇಳಿರಿ, ನಿಮ್ಮ ಹೆಸರು ಹೇಳಿರಿ. ಮಿಕ್ಕ ಪ್ರಶ್ನೆಗಳ ಅಗತ್ಯವಿಲ್ಲ.