ಏಕಾಂತಕ್ಕೆ ಗೋಡೆ ಬೇಕೆ?

ಏಕಾಂತವನ್ನು ಬಯಸುವುದು ಅಪರಾಧವಲ್ಲ. ವಾನಪ್ರಸ್ಥವೆಂದು ಒಂದು ಆಶ್ರಮವನ್ನೇ ವಿಧಿಸಿದ ನಮ್ಮ ಹಿರಿಯರು, ಮನುಷ್ಯನಿಗೆ ಮನುಷ್ಯರಿಂದಲೇ ಸ್ವಲ್ಪ ಬಿಡುವು ಬೇಕಾಗುತ್ತದೆಂಬುದನ್ನು ಚೆನ್ನಾಗಿ ಅರಿತಿದ್ದರು. ಆದರೆ ಹಾಗೆ ಕಾಡಿಗೆ ಹೋದವನು ಕಾಡಿನ ಸುತ್ತ ಬೇಲಿ ಹಾಕಿಸಲಿಲ್ಲ. ಸೌದೆಗೆ ಬಂದವರನ್ನೂ ದನ ಮೇಯಿಸಲು ಬಂದವರನ್ನೂ "ಇದು ಖಾಸಗಿ ಸ್ಥಳ" ಎಂದು ತಡೆಯಲಿಲ್ಲ. ತಾನು ದೂರ ಸರಿದು ಪಡೆಯುವ ಏಕಾಂತ ಒಂದು. ಇತರರನ್ನು ದೂರ ಸರಿಸಿ ಪಡೆಯುವ ಏಕಾಂತ ಇನ್ನೊಂದು. ಕಡಲತೀರದಲ್ಲಿ ಏಳುತ್ತಿರುವ ಐಷಾರಾಮಿ ರೆಸಾರ್ಟುಗಳ ವಿನ್ಯಾಸವನ್ನು ಕುರಿತು ನನ್ನ ಅಭಿಪ್ರಾಯವೆಲ್ಲ ಈ ವ್ಯತ್ಯಾಸವನ್ನೇ ಆಧರಿಸಿದೆ.

ಘಟ್ಟದ ಈಚೆ, ಮೈಸೂರಿನ ಚಾಮರಾಜಪುರಂನಲ್ಲಿ ಕುಳಿತ ನಿವೃತ್ತ ಮೇಷ್ಟ್ರಿಗೆ ಸಮುದ್ರದ ಉಸಾಬರಿ ಏಕೆಂದು ನೀವು ಕೇಳಬಹುದು. ಕಾರಣಗಳು ಎರಡು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು, ಬಂಧುಗಳಲ್ಲಿ ಕೆಲವರು, ರಜೆ ಬಂತೆಂದರೆ ಇಂತಹ ರೆಸಾರ್ಟುಗಳಿಗೆ ಹೋಗಿ ಬಂದು ಚಿತ್ರಗಳನ್ನು ನನಗೂ ಕಳುಹಿಸುತ್ತೀರಿ. ಎರಡನೆಯದಾಗಿ, ನಿಮ್ಮಲ್ಲೇ ಒಬ್ಬ ಈಗ ಹೆಸರುವಾಸಿ ವಾಸ್ತುಶಿಲ್ಪಿ. ಕಳೆದ ತಿಂಗಳು ಅವನು ಉತ್ತರ ಕನ್ನಡದ ಕಡಲ ದಂಡೆಯೊಂದಕ್ಕಾಗಿ ತಯಾರಿಸಿದ ನಕ್ಷೆಯನ್ನು ನನಗೆ ತೋರಿಸಿದ. ಕ್ಯಾರಿಬಿಯನ್ ದ್ವೀಪಗಳ ರೆಸಾರ್ಟುಗಳಂತೆ ಇರಬೇಕೆಂಬುದು ಮಾಲೀಕರ ಅಪೇಕ್ಷೆಯಂತೆ. ನಕ್ಷೆ ಸುಂದರವಾಗಿಯೇ ಇತ್ತು. ಪ್ರತಿ ಕುಟೀರಕ್ಕೊಂದು ಪುಟ್ಟ ಕೊಳ, ಎಲ್ಲಕ್ಕೂ ಸೇರಿ ಒಂದು ದೊಡ್ಡ ಕೊಳ, ಸುತ್ತ ಕೆಂಪು ಕಲ್ಲಿನ ಎತ್ತರದ ಗೋಡೆ, ಮುಂದೆ ತಿಳಿ ಹಳದಿ ಬಣ್ಣ ಬಳಿದ ಮರಳು. ಆ ಹಳದಿಯ ಮೇಲೆ ಬೆರಳಿಟ್ಟು, "ಇಲ್ಲಿ ಈಗ ಏನಿದೆಯಪ್ಪಾ?" ಎಂದು ಕೇಳಿದೆ. "ಏನೂ ಇಲ್ಲ ಸಾರ್, ಖಾಲಿ ಜಾಗ" ಎಂದ.

ಖಾಲಿ ಎಂಬ ಆ ಮಾತು ಅವನದಲ್ಲ. ಜಗತ್ತಿನಾದ್ಯಂತ ಇಂತಹ ನಕ್ಷೆಗಳನ್ನು ಬರೆಯುವವರೆಲ್ಲರ ಮಾತು ಅದು. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಮಾತನ್ನು ಒಪ್ಪಲಾರೆ.

ನಮ್ಮ ಕರಾವಳಿಯ ಮರಳು ಎಂದೂ ಖಾಲಿ ಇದ್ದದ್ದಲ್ಲ. ಅದು ಮೀನುಗಾರರ ಅಂಗಳ. ದೋಣಿಯನ್ನು ಎಳೆದು ನಿಲ್ಲಿಸುವುದು ಅಲ್ಲಿ, ಬಲೆ ಹರವಿ ಹೊಲಿಯುವುದು ಅಲ್ಲಿ, ಹೆಂಗಸರು ಮೀನು ಒಣಗಿಸುವುದು ಅಲ್ಲಿ. ಒಂದು ಕಾಲಕ್ಕೆ ಕರಾವಳಿಯಲ್ಲಿ ಮೆರೆದ ರಂಪಣಿ ಬಲೆಯನ್ನು ನೆನಪಿಸಿಕೊಳ್ಳಿ. ದೋಣಿಯಿಂದ ಬಲೆಯನ್ನು ಸಮುದ್ರದಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ದಡದಲ್ಲಿ ನಿಂತ ಹತ್ತಾರು ಜನ ಕೂಡಿ ಎಳೆಯುತ್ತಿದ್ದರು. ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಸೊರಗಿತಾದರೂ ಕೈರಂಪಣಿ ಎಳೆಯುವವರು ಉಳಿದರು. ಎಳೆಯಲು ಬೇಕಾದದ್ದು ಉದ್ದನೆಯ, ಅಡ್ಡಿಯಿಲ್ಲದ ದಂಡೆ. ಅದೇ ದಂಡೆಯಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಬಂದು ಮರಳು ತೋಡಿ ಮೊಟ್ಟೆ ಇಡುತ್ತವೆ. ಅದರ ಹಿಂದೆ, ನೇರಳೆ ಹೂ ಬಿಡುವ ಬಳ್ಳಿ ಹಬ್ಬಿದ ಮರಳದಿಬ್ಬಗಳಿವೆ. ಬಿರುಗಾಳಿಯ ದಿನ ಅಲೆಯ ಮೊದಲ ಏಟನ್ನು ತಿನ್ನುವುದು ಆ ದಿಬ್ಬಗಳೇ. ನೋಟ ಚೆನ್ನಾಗಿ ಕಾಣಲೆಂದು ಅವನ್ನು ಸಮತಟ್ಟು ಮಾಡಿದವರು, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಮನೆ, ರಸ್ತೆ, ತೆಂಗಿನ ಮರಗಳನ್ನು ಕೊಚ್ಚಿಕೊಂಡು ಹೋದದ್ದನ್ನು ನೆನೆಯುವುದು ಒಳ್ಳೆಯದು.

ಇನ್ನು ಮಾಲೀಕರು ಆದರ್ಶವೆಂದು ತೋರಿಸಿದ ಕ್ಯಾರಿಬಿಯನ್ ದ್ವೀಪಗಳ ಮಾತು. ಅಲ್ಲಿಂದಲೂ ಎರಡು ಬಗೆಯ ಪಾಠ ಕಲಿಯಬಹುದು. ಜಮೈಕಾದಲ್ಲಿ 1956ರ ಕಡಲತೀರ ನಿಯಂತ್ರಣ ಕಾಯಿದೆ ಅಲೆ ತಾಕುವ ದಂಡೆಯ ಹಕ್ಕನ್ನು ಸರ್ಕಾರಕ್ಕೆ ವಹಿಸಿತು. ಸಾಮಾನ್ಯ ಪ್ರಜೆಗೆ ಅಲ್ಲಿ ಹೋಗಿ ಈಜುವ ಸಹಜ ಹಕ್ಕನ್ನು ಮಾನ್ಯ ಮಾಡಲಿಲ್ಲ. ಕ್ರಮೇಣ ಒಳ್ಳೊಳ್ಳೆಯ ದಂಡೆಗಳು ಹೋಟೆಲುಗಳ ಗೋಡೆಯೊಳಗೆ ಸೇರಿದವು. ಸಮುದ್ರವೇ ಸುತ್ತುವರಿದ ದ್ವೀಪದ ಜನ ಸಮುದ್ರಕ್ಕಿಳಿಯುವ ದಾರಿಗಾಗಿ ಈಚಿನ ವರ್ಷಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಅದೇ ಸಮುದ್ರದ ಬಾರ್ಬಡೋಸ್‌ನಲ್ಲಾದರೋ ದಂಡೆಗಳೆಲ್ಲ ಸಾರ್ವಜನಿಕರವು. ಅಲ್ಲಿಯೂ ಬಹು ದುಬಾರಿ ಹೋಟೆಲುಗಳಿವೆ. ದಂಡೆ ಎಲ್ಲರದಾಗಿದೆ ಎಂಬ ಕಾರಣಕ್ಕೆ ಶ್ರೀಮಂತರು ಬರುವುದನ್ನು ನಿಲ್ಲಿಸಲಿಲ್ಲ.

ಸೇಂಟ್ ಜಾನ್ ದ್ವೀಪದಲ್ಲಿ ಲಾರೆನ್ಸ್ ರಾಕ್‌ಫೆಲರ್ 1956ರಲ್ಲಿ ತೆರೆದ ಕನೀಲ್ ಬೇ ಎಂಬ ರೆಸಾರ್ಟಿನ ಕಥೆಯೂ ತಿಳಿಯತಕ್ಕದ್ದು. ತಗ್ಗಿನ ಕಟ್ಟಡಗಳು, ಕೋಣೆಗಳಲ್ಲಿ ದೂರವಾಣಿ ಇಲ್ಲ, ಟಿ.ವಿ. ಇಲ್ಲ. ಅದೇ ವರ್ಷ ಆತ ದ್ವೀಪದಲ್ಲಿ ತಾನು ಕೊಂಡಿದ್ದ 5000 ಎಕರೆಗೂ ಹೆಚ್ಚು ನೆಲವನ್ನು ರಾಷ್ಟ್ರೀಯ ಉದ್ಯಾನಕ್ಕೆ ದಾನ ಮಾಡಿದ. ಏಕಾಂತವನ್ನು ಗೋಡೆಯಿಂದಲ್ಲ, ಸುತ್ತಲಿನ ಕಾಡಿನಿಂದ ಪಡೆಯಬಹುದೆಂದು ಆ ಕುಬೇರನಿಗೂ ಗೊತ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಆ ರೆಸಾರ್ಟನ್ನು ಧ್ವಂಸ ಮಾಡಿತು. ಕಾಡು ಮತ್ತೆ ಚಿಗುರಿತು.

ನಮ್ಮ ದೇಶದ ಕಾನೂನನ್ನು ಬಹಳ ಜನ ಬರಿಯ ಅಡ್ಡಿ ಎಂದು ಭಾವಿಸುತ್ತಾರೆ. ನನಗೆ ಅದು ಒಳ್ಳೆಯ ವಿನ್ಯಾಸದ ಪಠ್ಯವಾಗಿ ಕಾಣುತ್ತದೆ. 1981ರಲ್ಲಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ದಂಡೆಯನ್ನು ಮುಟ್ಟದೆ ಬಿಡಬೇಕೆಂದು ಸೂಚಿಸಿದರು. ಅದರ ಫಲವಾಗಿ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಬಿತ್ತು. ಅದರ ಅನುಬಂಧದಲ್ಲಿ ಕಡಲತೀರದ ರೆಸಾರ್ಟುಗಳಿಗೆಂದೇ ನಿಯಮಗಳಿದ್ದವು. ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಕಟ್ಟಕೂಡದು. ಎಲ್ಲ ಅಂತಸ್ತುಗಳ ವಿಸ್ತೀರ್ಣ ಸೇರಿ ನಿವೇಶನದ ಶೇಕಡಾ 33ನ್ನು ಮೀರಕೂಡದು. ಎತ್ತರ 9 ಮೀಟರ್, ಎರಡೇ ಅಂತಸ್ತು. ಮರಳದಿಬ್ಬಗಳನ್ನು ಮಟ್ಟ ಮಾಡಕೂಡದು. ಬೇಲಿ ಹಾಕುವುದಾದರೆ ಗಿಡ ಬೆಳೆಸಿದ ಬೇಲಿ, ಅದೂ ಜನರು ದಂಡೆಗೆ ಹೋಗಲು ಅಡ್ಡಿಯಾಗದಂತೆ. ಎರಡು ರೆಸಾರ್ಟುಗಳ ನಡುವೆ ಸಾರ್ವಜನಿಕರಿಗೆ ಕನಿಷ್ಠ 20 ಮೀಟರ್ ಅಗಲದ ದಾರಿ.

ಈ ಕೊನೆಯ ನಿಯಮ ನಮ್ಮ ಮೈಸೂರಿನವರಿಗೆ ಹೊಸದಲ್ಲ. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟ ಮೇಲೆ ರೂಪುಗೊಂಡ ನಮ್ಮ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿರುವುದನ್ನು ನೀವು ಬಲ್ಲಿರಿ. ಮನೆ ಖಾಸಗಿ, ಗಲ್ಲಿ ಊರಿನದು. ಈಗ ಕೆಲವೆಡೆ ಆ ಗಲ್ಲಿಗೆ ಗೇಟು ಹಾಕಿ ಹೂಕುಂಡ ಇಟ್ಟುಕೊಂಡು, ಕೇಳಿದವರಿಗೆ "ಖಾಲಿ ಬಿದ್ದಿತ್ತು" ಎನ್ನುತ್ತಾರೆ. ದಂಡೆಗೆ ಇಳಿಯುವ ದಾರಿಗಳೂ ಹೀಗೆಯೇ ಮಾಯವಾಗುತ್ತವೆ. ಮೊದಲು ಹೂಕುಂಡ, ಆಮೇಲೆ ಕಾವಲುಗಾರ. ಮನೆಯ ಮುಂಭಾಗದಲ್ಲಾದರೆ ನಮ್ಮ ಹಿರಿಯರು ಜಗಲಿ ಕಟ್ಟಿದರು. ಜಗಲಿ ಮನೆಯವರದೇ, ಆದರೆ ದಾರಿಹೋಕನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ಹಾಗೆಂದು ಒಳಮನೆಯ ಏಕಾಂತಕ್ಕೆ ಭಂಗ ಬರಲಿಲ್ಲ.

ದಂಡೆಯ ರಕ್ಷಣೆ ವರ್ಷಗಳು ಕಳೆದಂತೆ ಸಡಿಲವಾಯಿತು. 2011ರಲ್ಲಿ ಹೊಸ ಅಧಿಸೂಚನೆ ಬಂತು. 2019ರ ಅಧಿಸೂಚನೆಯಂತೂ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯ ಗ್ರಾಮೀಣ ಪ್ರದೇಶಗಳಲ್ಲಿ ನಿರ್ಮಾಣನಿಷೇಧದ ವಲಯವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕಾನೂನು ಕುಗ್ಗಿದಲ್ಲಿ ವಾಸ್ತುಶಿಲ್ಪಿಯ ವಿವೇಕ ಹಿಗ್ಗಬೇಕಾಗುತ್ತದೆ. ಅನುಮತಿ ಇದೆ ಎಂಬ ಮಾತ್ರಕ್ಕೆ ಅಲೆಯ ಬಾಯಿಗೆ ಕಟ್ಟಡ ಒಡ್ಡಬೇಕಾಗಿಲ್ಲ.

ಒಳ್ಳೆಯ ಮಾದರಿಗಳಿಗಾಗಿ ದೂರ ಹೋಗಬೇಕಿಲ್ಲ. ಶ್ರೀಲಂಕಾದ ಜೆಫ್ರಿ ಬಾವಾ 1969ರಲ್ಲಿ ಬೆಂಟೋಟಾ ಕಡಲತೀರದ ಹೋಟೆಲನ್ನು ಆ ನಾಡಿನ ಅಂಗಳ, ಇಳಿಜಾರು ಸೂರು, ಸ್ಥಳೀಯ ಸಾಮಗ್ರಿಗಳಿಂದಲೇ ರೂಪಿಸಿ ಏಷ್ಯಾದ ವಾಸ್ತುಶಿಲ್ಪಿಗಳಿಗೆಲ್ಲ ದಾರಿ ತೋರಿಸಿದರು. ನಮ್ಮಲ್ಲಿಯೇ ಕಾರವಾರದ ಬಳಿ, ಕಾಳಿ ನದಿಯ ಅಳಿವೆಗೆ ಹೊಂದಿದ ದೇವಬಾಗದಲ್ಲಿ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳಿಮರಗಳ ತೋಪಿನ ನಡುವೆ ಕಂಬಗಳ ಮೇಲೆ ನಿಂತ ಮರದ ಕುಟೀರಗಳನ್ನು ಕಟ್ಟಿತು. ಗೋಕರ್ಣದ ಓಂ ದಂಡೆಯ ಹಿಂದೆ ಕಟ್ಟಿದ ಸ್ವಸ್ವರ ರೆಸಾರ್ಟು, ಕೋಣೆಗಳಲ್ಲಿ ಟಿ.ವಿ.ಯನ್ನೂ ಹವಾನಿಯಂತ್ರಣವನ್ನೂ ಬಿಟ್ಟು ಅಂಗಳ ಮತ್ತು ಗಾಳಿಯನ್ನು ನಂಬಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ನಮ್ಮ ಕರಾವಳಿಯ ಮಳೆಗೆ ಯಾವ ಮಾಡು ತಕ್ಕುದೆಂಬುದು ಇತ್ಯರ್ಥವಾಗಿದೆ. ಗಾಜಿನ ಗೋಡೆ ಕಟ್ಟಿ, ಒಳಗೆ ಸೆಕೆಯಾಯಿತೆಂದು ಯಂತ್ರ ಹಾಕುವುದು ವಿನ್ಯಾಸವೆನಿಸದು.

ನೀರಿನ ಲೆಕ್ಕ ಇನ್ನೂ ಗಂಭೀರ. ತರಗತಿಯಲ್ಲಿ ಮಾಡಿಸುತ್ತಿದ್ದಂತೆ ಇಲ್ಲಿಯೂ ಮಾಡೋಣ. 20 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳಕ್ಕೆ 300 ಘನ ಮೀಟರ್, ಎಂದರೆ 3 ಲಕ್ಷ ಲೀಟರ್ ನೀರು ಬೇಕು. ಜಲ ಜೀವನ ಮಿಷನ್ ಹಳ್ಳಿಯ ಒಬ್ಬನಿಗೆ ದಿನಕ್ಕೆ ನಿಗದಿಪಡಿಸಿದ್ದು 55 ಲೀಟರ್. ಆ ಒಂದು ಕೊಳ ಸುಮಾರು 5450 ಜನರ ಒಂದು ದಿನದ ನೀರು! ಕಡಲ ಅಂಚಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಕುಸಿದರೆ ಕೆಳಗಿನ ಉಪ್ಪು ಸುಮಾರು ನಲವತ್ತು ಅಡಿ ಮೇಲೇರುತ್ತದೆಂದು ಭೂಜಲ ವಿಜ್ಞಾನ ಹೇಳುತ್ತದೆ. ರೆಸಾರ್ಟಿನ ಪಂಪು ಎಳೆದ ನೀರಿನ ಬೆಲೆಯನ್ನು ಪಕ್ಕದ ಮನೆಯ ಬಾವಿ ತೆರುತ್ತದೆ. ಎದುರಿಗೆ ಸಮುದ್ರವೇ ಇರುವಾಗ ಕುಟೀರಕ್ಕೊಂದು ಕೊಳವೇಕೆ? ಬೆಳಕಿನ ಮಾತೂ ಹೀಗೆಯೇ. ಮೊಟ್ಟೆಯೊಡೆದ ಆಮೆಮರಿ ಸಮುದ್ರದ ಮೇಲಿನ ಮಂದ ಬೆಳಕನ್ನು ಗುರುತಿಟ್ಟುಕೊಂಡು ನೀರಿನತ್ತ ಹರಿಯುತ್ತದೆ; ದಂಡೆಯ ವಿದ್ಯುದ್ದೀಪ ಕಂಡರೆ ಭ್ರಮಿಸಿ ನೆಲದತ್ತ ಬರುತ್ತದೆ. ದೀಪವನ್ನು ತಗ್ಗಿಸಿ ಸಮುದ್ರಕ್ಕೆ ಮರೆಮಾಡಿದರೆ ಆಮೆಗೂ ಕ್ಷೇಮ, ನಕ್ಷತ್ರ ನೋಡಬಂದ ಅತಿಥಿಗೂ ಲಾಭ.

ಇದಕ್ಕೆ ಪ್ರತಿವಾದವಿದೆ, ಅದು ಹಗುರವಾದುದಲ್ಲ. ಊರಿಗೆ ಕೆಲಸ ಬರುತ್ತದೆ, ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವ ಹುಡುಗರು ಊರಿನಲ್ಲೇ ನಿಲ್ಲುತ್ತಾರೆ ಎನ್ನುತ್ತಾರೆ. ಎಲ್ಲರಿಗೂ ಬಿಟ್ಟ ದಂಡೆ ಬಾಟಲಿ, ಪ್ಲಾಸ್ಟಿಕ್ಕುಗಳ ತಿಪ್ಪೆಯಾಗುತ್ತದೆ, ಗೋಡೆಯೊಳಗಿನದಾದರೂ ಸ್ವಚ್ಛವಾಗಿರುತ್ತದೆ ಎಂದೂ ಹೇಳುತ್ತಾರೆ. ಕೆಲಸದ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಕೆಲಸ ದಾರಿ ತೆರೆದಿಟ್ಟ ರೆಸಾರ್ಟಿನಲ್ಲಿಯೂ ಇರುತ್ತದೆ. ಮಗನಿಗೆ ಮಾಣಿಯ ಕೆಲಸ ಕೊಟ್ಟು ತಂದೆಯ ದೋಣಿ ನಿಲ್ಲುವ ಜಾಗ ಕಸಿದುಕೊಂಡರೆ ಊರಿಗೆ ಆದ ಲಾಭವೇನು? ಸ್ವಚ್ಛತೆಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಎರಡೂ ಸಾರ್ವಜನಿಕ ದಂಡೆಗಳು, 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಪಡೆದವು. ಜನರನ್ನು ಹೊರಗಿಡದೆಯೂ ದಂಡೆಯನ್ನು ಚೊಕ್ಕಟವಾಗಿಡಬಹುದು.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನೆರೆಯ ಕೇರಳವನ್ನು ನೋಡಿ. ವೇಂಬನಾಡು ಸರೋವರದ ನೆಡಿಯತುರುತ್ತು ದ್ವೀಪದಲ್ಲಿ 54 ವಿಲ್ಲಾಗಳ ಐಷಾರಾಮಿ ರೆಸಾರ್ಟು ಎದ್ದಿತು. ಕರಾವಳಿ ನಿಯಮ ಮುರಿದಿದೆಯೆಂದೂ ತಮ್ಮ ಬಲೆಗಳಿಗೆ ಕುತ್ತಾಯಿತೆಂದೂ ಮೀನುಗಾರರು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಹೈಕೋರ್ಟು ಕೆಡವಲು ಆಜ್ಞೆ ಮಾಡಿತು, 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, 2022ರ ಸೆಪ್ಟೆಂಬರಿನಲ್ಲಿ ಕೆಡವುವ ಕೆಲಸ ಆರಂಭವಾಯಿತು. ಹಣ ಹೂಡಿದವರಿಗೂ, ಬರೆದ ವಾಸ್ತುಶಿಲ್ಪಿಗಳಿಗೂ, ಅಷ್ಟು ವರ್ಷ ಅಲೆದ ಮೀನುಗಾರರಿಗೂ ನಷ್ಟವೇ.

ಆದ್ದರಿಂದ ನಕ್ಷೆ ಬರೆಯುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ಕಾಗದಕ್ಕೆ ಬಣ್ಣ ಹಚ್ಚುವ ಮೊದಲು ನಸುಕಿನಲ್ಲೊಮ್ಮೆ, ಸಂಜೆಯಲ್ಲೊಮ್ಮೆ ಆ ದಂಡೆಯ ಮೇಲೆ ನಡೆಯಿರಿ. ಯಾರ ದೋಣಿ ಎಲ್ಲಿ ನಿಲ್ಲುತ್ತದೆ, ಯಾವ ಕಾಲುದಾರಿ ಎಲ್ಲಿಗೆ ಹೋಗುತ್ತದೆ, ಮೀನು ಒಣಗುವುದು ಎಲ್ಲಿ ಎಂಬುದನ್ನು ಮೊದಲು ಗುರುತಿಸಿ, ಕಟ್ಟಡವನ್ನು ಉಳಿದ ಜಾಗದಲ್ಲಿ ಕೂರಿಸಿ. ಏಕಾಂತ ಬೇಕಾದರೆ ಹಿಂದೆ ಸರಿಯಿರಿ, ತಗ್ಗಿಸಿ ಕಟ್ಟಿರಿ, ಮರ ಬೆಳೆಸಿರಿ. ಅಲ್ಲಿ ಹೋಗಿ ತಂಗುವ ಉಳಿದವರು ಕೊಠಡಿ ಕಾದಿರಿಸುವಾಗ ಮೂರು ಪ್ರಶ್ನೆ ಕೇಳಿರಿ: ಊರಿನವರು ಸಮುದ್ರಕ್ಕೆ ಇಳಿಯುವ ದಾರಿ ಯಾವುದು? ನಿಮ್ಮ ನೀರು ಎಲ್ಲಿಂದ ಬರುತ್ತದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ದುಡ್ಡು ಕೊಡುವವರು ಕೇಳುವ ಪ್ರಶ್ನೆಗೆ ಮಾಲೀಕರು ಬೇಗ ಕಿವಿಗೊಡುತ್ತಾರೆ. ಅವು ನಾಲ್ಕು ಜನರಿಂದ ನಾನೂರು ಜನರಿಗೆ ಹಬ್ಬಿದರೆ, ಮುಂದಿನ ನಕ್ಷೆಯಲ್ಲಿ ಆ ಹಳದಿ ಬಣ್ಣದ ಮೇಲೆ ಒಂದು ದೋಣಿಯ ಗುರುತಾದರೂ ಇದ್ದೀತು.