ಕಲಿಸುವವರೇ ಪರೀಕ್ಷಕರಾದರೆ ಪ್ರಮಾಣಪತ್ರಕ್ಕೇನು ಬೆಲೆ?

ಜೆ.ಪಿ. ನಗರದ ನಮ್ಮ ಬೀದಿಯ ಯುವತಿಯೊಬ್ಬಳು ಈಚೆಗೆ ಒಂದು ಬಣ್ಣದ ಕೈಪಿಡಿ ಹಿಡಿದು ನಮ್ಮ ಮನೆಗೆ ಬಂದಳು. ಬಿ.ಕಾಂ. ಮುಗಿಸಿ, ಸಾರಕ್ಕಿಯ ಬಳಿ ವ್ಯಾಯಾಮಶಾಲೆಯೊಂದರಲ್ಲಿ ಎರಡು ವರ್ಷಗಳಿಂದ ಸಹಾಯಕ ತರಬೇತುದಾರಳಾಗಿ ದುಡಿಯುತ್ತಿರುವವಳು. ಕೈಪಿಡಿಯಲ್ಲಿದ್ದುದು ‘ಪಿಲಾಟೀಸ್’ ವ್ಯಾಯಾಮದ ಬೋಧಕರನ್ನು ಸಿದ್ಧಪಡಿಸುವ ಖಾಸಗಿ ಕೋರ್ಸೊಂದರ ವಿವರ. ಶುಲ್ಕ ಎರಡು ಲಕ್ಷ ರೂಪಾಯಿಗೂ ಮೇಲೆ. ಕೊನೆಯಲ್ಲಿ ದೊರೆಯುವುದು ‘ಅಂತರರಾಷ್ಟ್ರೀಯ ಮಾನ್ಯತೆ’ಯ ಪ್ರಮಾಣಪತ್ರ. ತಾಯಿಯ ಒಡವೆಗಳನ್ನು ಅಡವಿಟ್ಟು ಸೇರಿಕೊಳ್ಳುವ ಯೋಚನೆ ಅವಳದು. ‘ಅಂಕಲ್, ನೀವು ಸರ್ಕಾರದಲ್ಲಿ ಇದ್ದವರು. ಈ ಸರ್ಟಿಫಿಕೇಟಿಗೆ ಬೆಲೆ ಇದೆಯಾ, ಇಲ್ಲವಾ, ಅದೊಂದು ಹೇಳಿ’ ಎಂದಳು.

ಮೂರು ದಶಕಗಳಿಗೂ ಹೆಚ್ಚು ಕಾಲ ಮೊಹರು, ಸಹಿ, ದೃಢೀಕರಣಗಳ ನಡುವೆಯೇ ಬದುಕಿದ ನನಗೆ ಈ ಸರಳ ಪ್ರಶ್ನೆಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. ಮಾನ್ಯತೆ ಕೊಟ್ಟವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು ಎಂಬುದು ಕೈಪಿಡಿಯ ಯಾವ ಪುಟದಲ್ಲೂ ಇರಲಿಲ್ಲ.

ಪಿಲಾಟೀಸ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. 1883ರಲ್ಲಿ ಜರ್ಮನಿಯಲ್ಲಿ ಜನಿಸಿದ ಜೋಸೆಫ್ ಪಿಲಾಟೀಸ್, ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಸೆರೆಶಿಬಿರದಲ್ಲಿದ್ದಾಗ ತಮ್ಮ ವ್ಯಾಯಾಮಕ್ರಮಕ್ಕೆ ರೂಪು ಕೊಟ್ಟರು. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿ, 1967ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಕಲಿಸಿದರು. ಅವರು ತಮ್ಮ ಪದ್ಧತಿಯನ್ನು ಕರೆದದ್ದು ‘ಕಂಟ್ರಾಲಜಿ’ ಎಂದು. ಉಸಿರಾಟದ ಹಿಡಿತ, ಹೊಟ್ಟೆ ಮತ್ತು ಬೆನ್ನಿನ ಒಳಸ್ನಾಯುಗಳ ಬಲ, ಚಲನೆಯ ನಿಖರತೆ ಇವು ಅದರ ಸಾರ. ಚಾಪೆಯ ಮೇಲೆ ಮಾಡುವ ವ್ಯಾಯಾಮಗಳಲ್ಲದೆ, ಸ್ಪ್ರಿಂಗುಗಳಿಗೆ ಬಿಗಿದ ಜಾರುಹಲಗೆಯುಳ್ಳ ‘ರಿಫಾರ್ಮರ್’ ಎಂಬ ಮಂಚದಂಥ ಯಂತ್ರವೂ ಇದೆ.

ಈ ಹೆಸರಿನ ಮೇಲೆ ವ್ಯಾಪಾರಮುದ್ರೆಯ ಹಕ್ಕು ಸಾಧಿಸಹೊರಟ ಪ್ರಯತ್ನವೊಂದು ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು. ಪಿಲಾಟೀಸ್ ಎಂಬುದು ಯೋಗ, ಕರಾಟೆಗಳಂತೆ ಒಂದು ಪದ್ಧತಿಯ ಸಾಮಾನ್ಯ ನಾಮವೇ ಹೊರತು ಯಾರೊಬ್ಬರ ಸ್ವತ್ತೂ ಅಲ್ಲವೆಂದು 2000ದ ಅಕ್ಟೋಬರಿನಲ್ಲಿ ತೀರ್ಪು ಬಂದಿತು. ತೀರ್ಪು ನ್ಯಾಯವಾದುದೇ. ಆದರೆ ಅದರ ಮರುದಿನದಿಂದ ಯಾರು ಬೇಕಾದರೂ ಪಿಲಾಟೀಸ್ ಬೋಧಕರಾಗಬಹುದಾಯಿತು. ಬೋಧಕರನ್ನು ತಯಾರಿಸುವ ಸಂಸ್ಥೆಯನ್ನು ಸಹ ಯಾರು ಬೇಕಾದರೂ ತೆರೆಯಬಹುದಾಯಿತು. ಹೆಸರಿನ ಬಾಗಿಲು ತೆರೆಯಿತು, ಗುಣಮಟ್ಟದ ಹೊಣೆ ಯಾರ ಮೇಲೂ ಉಳಿಯಲಿಲ್ಲ.

ಈ ಕೊರತೆಯನ್ನು ಆ ವೃತ್ತಿಯವರೇ ಅರಿತರು. 2001ರಲ್ಲಿ ಅಮೆರಿಕದಲ್ಲಿ ಪಿಲಾಟೀಸ್ ಮೆಥಡ್ ಅಲಯನ್ಸ್ ಎಂಬ ವೃತ್ತಿಸಂಘ ಹುಟ್ಟಿ, 2005ರಲ್ಲಿ ಪರೀಕ್ಷೆಯೊಂದನ್ನು ಆರಂಭಿಸಿತು. ಎಲ್ಲ ಸಲಕರಣೆಗಳನ್ನೂ ಒಳಗೊಂಡ 450 ಗಂಟೆಗಳ ತರಬೇತಿ ಆ ಪರೀಕ್ಷೆಗೆ ಕೂರಲು ಬೇಕಾದ ಅರ್ಹತೆಯ ಅಳತೆಗೋಲಾಯಿತು. ಇಲ್ಲಿ ಗಮನಿಸಬೇಕಾದುದು ಗಂಟೆಗಳ ಸಂಖ್ಯೆಯನ್ನಷ್ಟೇ ಅಲ್ಲ. ಅಭ್ಯರ್ಥಿ ಯಾವ ಶಾಲೆಯಲ್ಲಿ ಕಲಿತಿದ್ದರೂ ಪರೀಕ್ಷೆ ಮಾಡುವುದು ಆ ಶಾಲೆಯಲ್ಲ, ಬೇರೊಂದು ಸಂಸ್ಥೆ. ನಮ್ಮಲ್ಲಿ ಮಾತ್ರ ವಾರಾಂತ್ಯದ ಕಾರ್ಯಾಗಾರದಿಂದ ಹಿಡಿದು ತಿಂಗಳುಗಟ್ಟಲೆಯ ಶಿಕ್ಷಣದವರೆಗೆ ಎಲ್ಲದರ ಕೊನೆಗೂ ‘ಸರ್ಟಿಫೈಡ್’ ಎಂಬ ಒಂದೇ ವಿಶೇಷಣ ದೊರೆಯಬಹುದು.

‘ಅಂಗಸಾಧನೆ ಕಲಿಸುವವರಿಗೆ ಇಷ್ಟೆಲ್ಲ ಕಟ್ಟುನಿಟ್ಟೇಕೆ’ ಎಂದು ಓದುಗರು ಕೇಳಬಹುದು. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನಿವೃತ್ತರ ಸಂಖ್ಯೆ ಕಡಿಮೆಯೇನಲ್ಲ. ಬೆನ್ನುನೋವೆಂದು ಹೋದ ಅರವತ್ತು ದಾಟಿದ ಗೃಹಿಣಿಗೆ ‘ಪಿಲಾಟೀಸ್ ಮಾಡಿ ನೋಡಿ’ ಎಂಬ ಸಲಹೆ ಇಂದು ಅಪರೂಪವಲ್ಲ. ಆ ವಯಸ್ಸಿನ ಸ್ತ್ರೀಯರಲ್ಲಿ ಮೂಳೆಸವೆತವೂ ಸಾಮಾನ್ಯ. ಪಿಲಾಟೀಸಿನ ಮೂಲ ಪಾಠಗಳಲ್ಲೇ ಮಲಗಿದಲ್ಲಿಂದ ಬೆನ್ನನ್ನು ಸುರುಳಿಯಂತೆ ಮುಂದಕ್ಕೆ ಬಾಗಿಸುತ್ತಾ ಮೇಲೇಳುವ ಚಲನೆಗಳು ಹಲವಿವೆ. ಆರೋಗ್ಯವಂತ ಯುವಕರಿಗೆ ಅವು ಹಿತಕರ. ಮೂಳೆ ತೆಳುವಾದವರಲ್ಲಿ ಅದೇ ಬಾಗು ಬೆನ್ನೆಲುಬಿನ ಮಣಿಯೊಂದು ಕುಸಿದು ಮುರಿಯಲು ಕಾರಣವಾಗಬಲ್ಲದು. ಯಾರಿಗೆ ಯಾವ ವ್ಯಾಯಾಮವನ್ನು ಬಿಡಿಸಬೇಕು ಎಂಬ ತಿಳಿವಳಿಕೆಯೇ ಬೋಧಕರ ನಿಜವಾದ ವಿದ್ಯೆ. ಮಾಡಿಸುವುದನ್ನು ನಾಲ್ಕು ದಿನಗಳಲ್ಲಿ ಕಲಿಯಬಹುದು, ಬಿಡಿಸುವುದನ್ನು ಕಲಿಯಲು ನೂರಾರು ಗಂಟೆಗಳು ಬೇಕು.

ಚಿಕಿತ್ಸೆಯ ಭರವಸೆಗಳನ್ನೂ ತೂಗಿ ನೋಡಬೇಕು. ಸೊಂಟನೋವಿನ ಮೇಲೆ ಪಿಲಾಟೀಸಿನ ಪರಿಣಾಮ ಕುರಿತು ನಡೆದ ಅಧ್ಯಯನಗಳನ್ನೆಲ್ಲ 2015ರಲ್ಲಿ ಪರಾಮರ್ಶಿಸಿದ ಕಾಕ್ರೇನ್ ವರದಿ, ಏನೂ ಮಾಡದಿರುವುದಕ್ಕಿಂತ ಅಥವಾ ಅತ್ಯಲ್ಪ ಆರೈಕೆಗಿಂತ ಅದು ಮೇಲೆಂದೂ, ಬೇರೆ ವ್ಯಾಯಾಮಗಳಿಗಿಂತ ಶ್ರೇಷ್ಠವೆಂಬುದಕ್ಕೆ ನಿರ್ಣಾಯಕ ಆಧಾರವಿಲ್ಲವೆಂದೂ ಹೇಳಿತು. ಅಂದರೆ ಇದು ಒಳ್ಳೆಯ ವ್ಯಾಯಾಮ, ಪವಾಡವಲ್ಲ. ಫಲಕಗಳ ಭಾಷೆ ಈ ವಿನಯವನ್ನು ಪಾಲಿಸುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪರಿಸ್ಥಿತಿ ಹೊಸದೇನಲ್ಲ. ಮಾರುವವನಿಗೆ ಸರಕಿನ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದಬ್ಬುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಪ್ರಮಾಣಪತ್ರದಂಥ ಸಂಕೇತಗಳು ಈ ಅಜ್ಞಾನವನ್ನು ನೀಗಿಸಬಲ್ಲವು ಎಂದು 1973ರಲ್ಲಿ ಮೈಕಲ್ ಸ್ಪೆನ್ಸ್ ವಾದಿಸಿದರು. ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ಇಬ್ಬರೂ 2001ರ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಸಂಕೇತಕ್ಕೆ ಬೆಲೆ ಬರುವುದು ಅರ್ಹರಲ್ಲದವರಿಗೆ ಅದನ್ನು ಪಡೆಯುವುದು ಕಷ್ಟವಾದಾಗ ಮಾತ್ರ. ಶುಲ್ಕ ಕಟ್ಟಿದವರೆಲ್ಲರಿಗೂ ದೊರೆಯುವ ಪತ್ರ ಸಂಕೇತವಲ್ಲ, ರಸೀದಿ. ಶುಲ್ಕ ಪಡೆದ ಸಂಸ್ಥೆಯೇ ಪರೀಕ್ಷೆಯನ್ನೂ ನಡೆಸಿದರೆ, ಅನುತ್ತೀರ್ಣಗೊಳಿಸಿದ ಪ್ರತಿಯೊಬ್ಬ ಅಭ್ಯರ್ಥಿಯೂ ಮುಂದಿನ ಹತ್ತು ಗಿರಾಕಿಗಳನ್ನು ದೂರಮಾಡುವ ಅಪಪ್ರಚಾರವಾಗುತ್ತಾನೆ. ಹೀಗಿರುವಾಗ ಯಾರನ್ನು ತಾನೇ ಅನುತ್ತೀರ್ಣಗೊಳಿಸಿಯಾರು?

ಹಾಗಾದರೆ ಬೋಧಕರಿಗೆಲ್ಲ ಸರ್ಕಾರಿ ಪರವಾನಗಿ ಕಡ್ಡಾಯ ಮಾಡಬೇಕೆ? ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ಪರವಾನಗಿ ಎಂಬ ಪದದ ನೆರಳಲ್ಲಿ ತಪಾಸಣಾಧಿಕಾರಿ, ನವೀಕರಣ, ಮಧ್ಯವರ್ತಿ, ‘ಖರ್ಚು’ ಇವೆಲ್ಲ ಹೇಗೆ ಬೆಳೆಯುತ್ತವೆಂಬುದನ್ನು ಮೇಜಿನ ಈಚೆ ಬದಿಯಲ್ಲಿ ಕುಳಿತು ಕಂಡವನು ನಾನು. ವೃತ್ತಿಗಳ ನಿಯಂತ್ರಣದಲ್ಲಿ ನೋಂದಣಿ, ಪ್ರಮಾಣೀಕರಣ, ಪರವಾನಗಿ ಎಂಬ ಮೂರು ಮೆಟ್ಟಿಲುಗಳನ್ನು ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಗುರುತಿಸಿದ್ದರು. ಪ್ರಮಾಣೀಕರಣದಲ್ಲಿ ಪತ್ರವಿಲ್ಲದವರು ವೃತ್ತಿ ನಡೆಸುವುದನ್ನು ಯಾರೂ ತಡೆಯುವುದಿಲ್ಲ. ಪತ್ರವಿದೆಯೆಂದು ಸುಳ್ಳು ಹೇಳುವುದನ್ನು ಮಾತ್ರ ತಡೆಯುತ್ತಾರೆ. ಫ್ರೀಡ್‌ಮನ್‌ರ ಮಾರುಕಟ್ಟೆ ನಿಷ್ಠೆಯನ್ನು ಒಪ್ಪದವರಿಗೂ ಈ ವಿಂಗಡಣೆ ಉಪಯುಕ್ತ. ನಮ್ಮ ಪ್ರಸಂಗಕ್ಕೆ ಬೇಕಾದುದು ನಡುವಿನ ಮೆಟ್ಟಿಲು.

ಇದಕ್ಕೆ ವಿದೇಶದ ಮಾದರಿಯೇ ಬೇಕೆಂದಿಲ್ಲ. ನಮ್ಮ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಸಂಜೆಯ ಹೊತ್ತು ಸಂಗೀತ ಪಾಠ ನಡೆಯುತ್ತದೆ. ಪಾಠ ಹೇಳುವವರು ಮನೆಯ ಗುರುಗಳು. ಆದರೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂದದ್ದು ಸರ್ಕಾರದ ಪರೀಕ್ಷಾ ಮಂಡಳಿ. ಗುರು ತನಗಿಷ್ಟ ಬಂದಂತೆ ಕಲಿಸಬಹುದು, ತನ್ನ ಶಿಷ್ಯನಿಗೆ ತಾನೇ ವಿದ್ವತ್ ಪದವಿ ಕೊಡುವಂತಿಲ್ಲ. ಜಯನಗರದಲ್ಲೇ ಇರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಿಂದ ಮಾಡುತ್ತಿರುವುದೂ ಅದೇ. ಭೌತಚಿಕಿತ್ಸೆಯನ್ನು ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕಲಿಸುವವರು ಬಹುಮಟ್ಟಿಗೆ ಖಾಸಗಿ ಕಾಲೇಜುಗಳು, ಪರೀಕ್ಷೆ ವಿಶ್ವವಿದ್ಯಾಲಯದ್ದು.

ಯೋಗದ ಉದಾಹರಣೆ ಇನ್ನೂ ಹತ್ತಿರದ್ದು. 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಅದನ್ನು ಜಗತ್ತಿಗೆ ಮುಟ್ಟಿಸಿದರು. ಅಷ್ಟಾಂಗ ಯೋಗವನ್ನು ಕಲಿಸಲು ಅನುಮತಿ ಬೇಕೆಂದು ಯುರೋಪ್, ಅಮೆರಿಕಗಳ ಸಾಧಕರು ಮೈಸೂರಿಗೆ ಬಂದು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದನ್ನು ನಾವು ಕಂಡಿದ್ದೇವೆ. ಅದೇ ನಾಡಿನ ತರುಣಿಯೊಬ್ಬಳು ಇಂದು ಬೇರೊಂದು ವ್ಯಾಯಾಮದ ಪರದೇಶಿ ಪತ್ರಕ್ಕಾಗಿ ಒಡವೆ ಅಡವಿಡಲು ಹೊರಟಿರುವುದು ಕಾಲದ ವ್ಯಂಗ್ಯ. ಯೋಗ ಶಿಕ್ಷಕರ ಮಟ್ಟಿಗೆ ಕೇಂದ್ರದ ಆಯುಷ್ ಸಚಿವಾಲಯ 2018ರಲ್ಲಿ ಯೋಗ ಪ್ರಮಾಣೀಕರಣ ಮಂಡಳಿಯನ್ನು ರಚಿಸಿ, ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳುಳ್ಳ ಶ್ರೇಣಿಗಳನ್ನು ರೂಪಿಸಿತು. ಅದರಲ್ಲಿ ಲೋಪಗಳಿರಬಹುದು, ದಿಕ್ಕು ಸರಿಯಾದುದು.

ವ್ಯಾಯಾಮದ ಉಳಿದ ಕ್ಷೇತ್ರವನ್ನು ಸರ್ಕಾರ ಮರೆತಿದೆಯೆಂದಲ್ಲ, ನೆನೆಯುವ ರೀತಿ ಬೇರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಕಾಲಿಕವಾಗಿ ಅಗಲಿದಾಗ ಜಿಮ್‌ಗಳಿಗೆ ಮಾರ್ಗಸೂಚಿ ಬೇಕೆಂಬ ಮಾತು ರಾಜ್ಯದಲ್ಲಿ ಗಟ್ಟಿಯಾಗಿ ಕೇಳಿಬಂತು. ಆ ಸಾವಿಗೂ ವ್ಯಾಯಾಮಕ್ಕೂ ನಂಟು ಕಲ್ಪಿಸುವುದು ಅವಸರದ ಮಾತಾದೀತು. ಆದರೆ ಬೋಧಕರ ಅರ್ಹತೆ ಏನಿರಬೇಕೆಂಬ ಪ್ರಶ್ನೆ ಅಂದು ಎದ್ದದ್ದು ನ್ಯಾಯವಾಗಿಯೇ ಇತ್ತು. ಇನ್ನು ತೆರಿಗೆಯ ಮಾತು. ಜಿಮ್, ಯೋಗಕೇಂದ್ರಗಳ ಸೇವೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿಸಲಾಗಿದೆ. ಸ್ವಾಗತಾರ್ಹ ಕ್ರಮ. ಬೆಲೆ ಇಳಿದಾಗ ಬೇಡಿಕೆ ಏರುವುದು, ಬೇಡಿಕೆ ಏರಿದಾಗ ಬೋಧಕರ ಅಗತ್ಯ ಹೆಚ್ಚುವುದು ಸಹಜ. ತರಾತುರಿಯ ತರಬೇತಿಗೆ ಎಡೆಯಾಗುವುದೂ ಇಂಥ ಹೊತ್ತಿನಲ್ಲೇ.

ಈ ಹಿನ್ನೆಲೆಯಲ್ಲಿ ರಾಜ್ಯದ ಕೌಶಲಾಭಿವೃದ್ಧಿ ಇಲಾಖೆ ದೊಡ್ಡ ವೆಚ್ಚವಿಲ್ಲದೆ ನಾಲ್ಕು ಕೆಲಸಗಳನ್ನು ಮಾಡಬಹುದು. ಮೊದಲನೆಯದು, ಕಲಿಸುವವರಿಂದ ಪರೀಕ್ಷೆಯನ್ನು ಬೇರ್ಪಡಿಸುವುದು. ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಭೌತಚಿಕಿತ್ಸಾ ಅಧ್ಯಾಪಕರೂ ಅನುಭವಿ ಬೋಧಕರೂ ಕೂಡಿದ ಒಂದು ಮಂಡಳಿ ವರ್ಷಕ್ಕೆರಡು ಬಾರಿ ಪರೀಕ್ಷೆ ನಡೆಸಬಹುದು. ಎರಡನೆಯದು, ಉತ್ತೀರ್ಣರಾದವರ ಹೆಸರು, ಅವರು ಅರ್ಹತೆ ಪಡೆದದ್ದು ಚಾಪೆಯ ವ್ಯಾಯಾಮಕ್ಕೋ ಯಂತ್ರಗಳಿಗೋ, ಪತ್ರದ ಅವಧಿ ಎಷ್ಟು ಎಂಬ ವಿವರಗಳ ಪಟ್ಟಿಯನ್ನು ಸಾರ್ವಜನಿಕರು ನೋಡುವಂತೆ ಇಡುವುದು. ಗಂಭೀರ ತಪ್ಪೆಸಗಿದವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಅವಕಾಶವಿರಬೇಕು; ಹಿಂಪಡೆಯಲಾಗದ ಪತ್ರಕ್ಕೆ ಬೆಲೆಯಿಲ್ಲ. ಮೂರನೆಯದು, ಕೋರ್ಸು ನಡೆಸುವವರು ಒಟ್ಟು ಗಂಟೆಗಳೆಷ್ಟು, ಮೇಲ್ವಿಚಾರಣೆಯಲ್ಲಿ ಕಲಿಸಿದ ಅಭ್ಯಾಸವೆಷ್ಟು, ನಡುವೆ ಬಿಟ್ಟರೆ ಶುಲ್ಕ ಮರಳುವುದೆಷ್ಟು ಎಂಬುದನ್ನು ಹಣ ಪಡೆಯುವ ಮುನ್ನವೇ ಬರೆದು ಕೊಡಬೇಕೆಂದು ವಿಧಿಸುವುದು. ನಾಲ್ಕನೆಯದು, ಚಿಕಿತ್ಸೆಗೂ ವ್ಯಾಯಾಮಕ್ಕೂ ನಡುವಿನ ಗೆರೆಯನ್ನು ಕಾಯುವುದು. ಭೌತಚಿಕಿತ್ಸಕರ ವೃತ್ತಿಗೆ ಆರೋಗ್ಯ ಪೂರಕ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯಿದೆ. ‘ಡಿಸ್ಕ್ ಜಾರಿದ್ದನ್ನು ಗುಣಪಡಿಸುತ್ತೇವೆ’ ಎಂಬಂಥ ಜಾಹೀರಾತುಗಳನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಸಾಕು.

ಇದರಿಂದ ಬಡ ಅಭ್ಯರ್ಥಿಗಳಿಗೆ ಮತ್ತೊಂದು ಅಡ್ಡಿ ಎದುರಾಗುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ನನಗೆ ತೋರುವುದು ತದ್ವಿರುದ್ಧ. ಇಂದು ಪತ್ರ ಪಡೆಯಲು ಎರಡು ಲಕ್ಷ ರೂಪಾಯಿ ಕಟ್ಟಲೇಬೇಕು, ಏಕೆಂದರೆ ಪತ್ರ ಮಾರುವವರೂ ಪಾಠ ಮಾರುವವರೂ ಒಬ್ಬರೇ. ಪರೀಕ್ಷೆ ಸ್ವತಂತ್ರವಾದರೆ, ಹಿರಿಯ ಬೋಧಕರ ಕೈಕೆಳಗೆ ವರ್ಷಗಟ್ಟಲೆ ದುಡಿಯುತ್ತಾ ಕಲಿತವರೂ ದಾಖಲಾದ ಅಭ್ಯಾಸದ ಗಂಟೆಗಳನ್ನು ತೋರಿಸಿ ಅಲ್ಪ ಶುಲ್ಕ ಕಟ್ಟಿ ಕೂರಬಹುದು. ದುಬಾರಿ ಶಾಲೆಗಳೂ ತಮ್ಮ ಶುಲ್ಕವನ್ನು ಪತ್ರದ ಹೊಳಪಿನಿಂದಲ್ಲ, ಪಾಠದ ಗುಣದಿಂದ ಸಮರ್ಥಿಸಿಕೊಳ್ಳಬೇಕಾಗುತ್ತದೆ.

ನಮ್ಮ ಬೀದಿಯ ಯುವತಿಗೆ ಸರ್ಕಾರದ ಆದೇಶಕ್ಕಾಗಿ ಕಾಯುವಷ್ಟು ವ್ಯವಧಾನವಿಲ್ಲ. ಒಂದು ವಾರದ ಅನಂತರ ಅವಳನ್ನು ಕರೆದು ಐದು ಪ್ರಶ್ನೆಗಳನ್ನು ಬರೆದುಕೊಟ್ಟೆ: ಒಟ್ಟು ಎಷ್ಟು ಗಂಟೆ? ಅದರಲ್ಲಿ ನಿಜವಾದ ಜನರಿಗೆ ಕಲಿಸುವ ಅಭ್ಯಾಸ ಎಷ್ಟು? ಪರೀಕ್ಷೆ ಮಾಡುವವರು ಯಾರು? ಕಳೆದ ಬಾರಿ ಎಷ್ಟು ಮಂದಿ ಅನುತ್ತೀರ್ಣರಾದರು? ಮೂಳೆಸವೆತದ ಅಜ್ಜಿಯೊಬ್ಬರು ಬಂದರೆ ಏನೇನು ಮಾಡಿಸಬಾರದೆಂದು ಎಷ್ಟು ತರಗತಿಗಳಲ್ಲಿ ಹೇಳಿಕೊಡುತ್ತೀರಿ? ಅವಳು ಹೋಗಿ ಕೇಳಿದಳು. ಮೊದಲಿನ ಮೂರಕ್ಕೆ ಅರ್ಧಂಬರ್ಧ ಉತ್ತರ ಸಿಕ್ಕಿತಂತೆ. ನಾಲ್ಕನೆಯದಕ್ಕೆ ‘ನಮ್ಮಲ್ಲಿ ಯಾರೂ ಫೇಲಾಗುವುದಿಲ್ಲ ಮೇಡಂ’ ಎಂದು ನಗುತ್ತಾ ಹೇಳಿದರಂತೆ. ಐದನೆಯದನ್ನು ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಒಡವೆಗಳು ಸದ್ಯ ಮನೆಯಲ್ಲೇ ಇವೆ. ಅವಳ ಆಸೆಯೂ ಹಾಗೆಯೇ ಇದೆ. ಶ್ರಮಪಟ್ಟು ಕಲಿಯಲು ಸಿದ್ಧವಿರುವ ಇಂಥ ಯುವಜನರಿಗೆ ನಂಬಿಕೆಗೆ ತಕ್ಕ ಒಂದು ಪರೀಕ್ಷೆಯನ್ನು ಒದಗಿಸುವುದು ರಾಜ್ಯಕ್ಕೆ ಅಸಾಧ್ಯವಾದ ಕೆಲಸವೇನಲ್ಲ.